ಮೊದಲು ಊಹಿಸಿ, ಆಮೇಲೆ ಪರೀಕ್ಷೆ ಮಾಡಿಕೊಳ್ಳಿ

ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಸೂಚ್ಯ ಸಂಬಂಧ ಪರೀಕ್ಷೆಯನ್ನು ನನ್ನ ಪದವಿ ತರಗತಿಯಲ್ಲಿ ಮಾಡಿಸುವಾಗ ಒಂದು ಹಟ ಹಿಡಿಯುತ್ತೇನೆ: ಕಂಪ್ಯೂಟರ್ ಮುಟ್ಟುವ ಮೊದಲು ಫಲಿತಾಂಶದ ಊಹೆಯನ್ನು ಹಾಳೆಯ ಮೇಲೆ ಬರೆಯಿರಿ. ಮುಖಗಳನ್ನೂ ಒಳ್ಳೆಯ-ಕೆಟ್ಟ ಪದಗಳನ್ನೂ ಎಷ್ಟು ಬೇಗ ಜೋಡಿಸುತ್ತೇವೆ ಎಂಬುದರಿಂದ ಮನಸ್ಸಿನ ಒಲವನ್ನು ಅಳೆಯುವ ಪರೀಕ್ಷೆ ಇದು.

ವಯಸ್ಸಿನ ಪರೀಕ್ಷೆಯಿಂದ ಆರಂಭಿಸಿ. ಹಿರಿಯರ ಮುಖ, ಯುವಕರ ಮುಖ ಎರಡನ್ನೂ ನಿಧಾನವಾಗಿ ನೋಡಿ. ನಿಮ್ಮ ನಂಬಿಕೆಯನ್ನು ಬರೆಯಬೇಡಿ. ನೋಡಿದ ಕ್ಷಣದಲ್ಲಿ ಮನಸ್ಸಿನಲ್ಲಿ ಸುಳಿದದ್ದನ್ನು ಬರೆಯಿರಿ. ಇದೇ ಕಷ್ಟದ ಕೆಲಸ, ಅವಸರ ಬೇಡ.

ಪರೀಕ್ಷೆಯಲ್ಲಿ ಮಾತ್ರ ಬೆರಳು ಚುರುಕಾಗಿರಲಿ. ಅಳತೆಯೆಲ್ಲ ಮಿಲಿಸೆಕೆಂಡುಗಳಲ್ಲಿ. ಬಿಳಿಕೂದಲಿನ ಮುಖಕ್ಕೂ ‘ಸಂತೋಷ’ ಎಂಬ ಪದಕ್ಕೂ ಒಂದೇ ಕೀಲಿ ಒತ್ತಬೇಕಾದಾಗ ನನ್ನ ಎಡಗೈ ಬೆರಳು ಗಾಳಿಯಲ್ಲೇ ತಡೆದು ನಿಂತಿತ್ತು. ತಾಯಿಯನ್ನು ಜೊತೆಯಲ್ಲಿಟ್ಟುಕೊಂಡು ನೋಡಿಕೊಳ್ಳುವವಳು ನಾನು. ಅಂದು ತುಂಬಾ ನೊಂದುಕೊಂಡೆ.

ಈಗ ಊಹೆಯನ್ನೂ ಅಂಕವನ್ನೂ ಹೋಲಿಸಿ. ಹಾನ್ ಮತ್ತು ಸಂಗಡಿಗರ 2014ರ ಅಧ್ಯಯನದಲ್ಲಿ ಜನ ತಮ್ಮ ಫಲಿತಾಂಶವನ್ನು ಸಾಕಷ್ಟು ಸರಿಯಾಗಿಯೇ ಊಹಿಸಿದ್ದರು. ಆದ್ದರಿಂದ ಈ ಒಲವನ್ನು ‘ಅರಿವಿಗೆ ನಿಲುಕದ್ದು’ ಎನ್ನಲು ನಾನು ಒಪ್ಪುವುದಿಲ್ಲ. ಒಂದೇ ಸಲದ ಅಂಕವನ್ನೂ ನಂಬಬೇಡಿ, ಅದು ಏರಿಳಿಯುತ್ತದೆ. ಒಂದು ವಾರ ಬಿಟ್ಟು, ಹೊಸ ಹಾಳೆಯಲ್ಲಿ ಮತ್ತೆ ಊಹಿಸಿ.