ಪರದೇಶದ ಹಿತ್ತಿಲಿನಲ್ಲಿ ಕೋಳಿ ಸಾಕಲು ಹೊರಟ ನಮ್ಮೂರ ಹೊಸಬರಿಗೆ

ಗಂಗಾವಳಿ ನದಿಯಿಂದ ಹೆಚ್ಚು ದೂರವಿಲ್ಲದ ಅಂಕೋಲೆಯ ತವರುಮನೆಯ ಜಗುಲಿಯಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆಷಾಢದ ಮಳೆ ಎರಡು ದಿನಗಳಿಂದ ಬಿಟ್ಟೇ ಇಲ್ಲ. ಅಮ್ಮನ ಏಳು ಹೇಂಟೆಗಳೂ ಒಂದು ಹುಂಜವೂ ಬಚ್ಚಲ ಬದಿಯ ಕಟ್ಟಿಗೆ ಮನೆಯಲ್ಲಿ ಸೇರಿಕೊಂಡು ಒಣಬೂದಿಯಲ್ಲಿ ಮೈ ಹೊರಳಿಸುತ್ತಿವೆ. ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ನಾನು ಹೋಗಿ 16 ವರ್ಷಗಳಾದವು. ಅದರಲ್ಲಿ 12 ವರ್ಷ ಅಲ್ಲಿನ ಮನೆಯ ಹಿಂದಿನ ಸಣ್ಣ ಜಾಗದಲ್ಲಿ ಕೋಳಿಗಳನ್ನು ಸಾಕಿದ್ದೇನೆ. ಕಾರವಾರ, ಕುಮಟಾ, ಹೊನ್ನಾವರ, ಶಿರಸಿಗಳಿಂದ ಹೊಸದಾಗಿ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಗೂಡಿನ ಮುಂದೆ ನಿಂತು, ತಾವೂ ನಾಲ್ಕು ಕೋಳಿ ಸಾಕಬಹುದೇ ಎಂದು ಕೇಳುತ್ತಾರೆ. ಖಂಡಿತ ಸಾಕಬಹುದು. ಆದರೆ ಊರಿನಲ್ಲಿ ಕೋಳಿಗಳ ನಡುವೆಯೇ ಬೆಳೆದ ನಮಗೆ ಈ ಕೆಲಸ ಗೊತ್ತೇ ಇದೆ ಎಂಬ ಧೈರ್ಯ ಇರುತ್ತದಲ್ಲ, ಮೊದಲ ವರ್ಷದ ನಷ್ಟಗಳೆಲ್ಲ ಅದರಿಂದಲೇ ಬರುತ್ತವೆ ಎಂಬುದು ನನ್ನ ಅನುಭವ.

ಮೊದಲು ಕಾಗದಪತ್ರದ ವಿಷಯವನ್ನು ಮುಗಿಸುತ್ತೇನೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2024ರ ಅಕ್ಟೋಬರ್ 1ರಿಂದ, ಸಾಕುವುದು ಒಂದೇ ಕೋಳಿಯಾದರೂ ಸರ್ಕಾರದಲ್ಲಿ ನೋಂದಾಯಿಸುವುದು ಕಡ್ಡಾಯವಾಗಿದೆ. ಕೋಳಿ ತಂದ ಒಂದು ತಿಂಗಳೊಳಗೆ ಈ ಕೆಲಸ ಆಗಬೇಕು, ಇದಕ್ಕೆ ಶುಲ್ಕವಿಲ್ಲ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಸ್ವಂತ ಮನೆಯಾದರೆ ಮನೆಪತ್ರದಲ್ಲಿ ನಿರ್ಬಂಧವೇನಾದರೂ ಇದೆಯೇ ಎಂದು ಓದಿ ನೋಡಿ. ಹುಂಜವನ್ನು ತರಬೇಡಿ. ಹುಂಜವಿಲ್ಲದೆ ಹೇಂಟೆ ಮೊಟ್ಟೆ ಇಡುವುದಿಲ್ಲವೆಂದು ನಂಬಿದವರು ನಮ್ಮವರಲ್ಲಿ ಇನ್ನೂ ಇದ್ದಾರೆ. ಮರಿ ಮಾಡಿಸಬೇಕಾದರೆ ಮಾತ್ರ ಹುಂಜ ಬೇಕು, ಮೊಟ್ಟೆಗೆ ಬೇಡ. ಬೇಸಿಗೆಯಲ್ಲಿ ನಾಲ್ಕು ಗಂಟೆಗೇ ಬೆಳಗಾಗುವ ಆ ಊರಿನಲ್ಲಿ ಹುಂಜ ಕೂಗಿದರೆ ನೆರೆಯವರ ನಿದ್ದೆ ಕೆಡುತ್ತದೆ, ದೂರು ಹೋಗುತ್ತದೆ.

ಎಲ್ಲಕ್ಕಿಂತ ವಿವರವಾಗಿ ಹೇಳಬೇಕಾದದ್ದು ಮೇವಿನ ವಿಷಯ, ಏಕೆಂದರೆ ನಮ್ಮ ಅಡುಗೆಮನೆಯ ನಿತ್ಯದ ರೂಢಿಗೂ ಅಲ್ಲಿನ ಕಾನೂನಿಗೂ ನೇರವಾದ ವಿರೋಧವಿರುವುದು ಇಲ್ಲಿಯೇ. ಅಮ್ಮ ಬೆಳಿಗ್ಗೆ ತೆಂಗಿನಕಾಯಿ ತುರಿದ ಕೂಡಲೇ ತುರಿಯ ಉಳಿಕೆ, ಮೀನು ಹಸನು ಮಾಡಿದಾಗ ಉಳಿದ ಚೂರು, ಗಂಜಿಯ ತಳದ ಅಗುಳು, ತೌಡು, ನುಚ್ಚು ಎಲ್ಲವನ್ನೂ ಒಂದು ಗೆರಟೆಯಲ್ಲಿ ಹಾಕಿ ಅಂಗಳಕ್ಕೆ ಒಯ್ಯುತ್ತಾಳೆ. ಮರಿಗಳಿದ್ದರೆ ಒರಲೆ ಹುತ್ತದ ಒಂದು ತುಂಡನ್ನು ಒಡೆದು ತಂದು ಹಾಕುತ್ತಾಳೆ. ಅನ್ನವನ್ನು ಚೆಲ್ಲಬಾರದೆಂದು ಕಲಿತು ಬಂದ ನಾವು ಇಂಗ್ಲೆಂಡಿನಲ್ಲಿಯೂ ಉಳಿದ ಅನ್ನವನ್ನು ಗೂಡಿನ ಮುಂದೆ ಹಾಕಲು ಹೋಗುವುದು ಸಹಜವೇ. ಆದರೆ ಅಲ್ಲಿ ಅಡುಗೆಮನೆಯನ್ನು ಒಮ್ಮೆ ಹೊಕ್ಕ ಯಾವ ಪದಾರ್ಥವನ್ನೂ ಕೋಳಿಗೆ ಹಾಕುವುದು ಅಪರಾಧ. 2001ರಲ್ಲಿ ಆ ದೇಶದ ದನ, ಕುರಿ, ಹಂದಿಗಳಲ್ಲಿ ಕಾಲುಬಾಯಿ ರೋಗ ಹಬ್ಬಿ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಸರಿಯಾಗಿ ಬೇಯಿಸದ ಎಂಜಲನ್ನು ಹಂದಿಗಳಿಗೆ ತಿನ್ನಿಸಿದ್ದರಿಂದ ಆ ರೋಗ ಶುರುವಾಯಿತೆಂದು ಕಂಡುಬಂದ ಮೇಲೆ ಈ ನಿಷೇಧ ಬಂತು. ಮಾಂಸದೊಂದಿಗೆ ಒಂದೇ ಹಲಗೆಯ ಮೇಲೆ ಹೆಚ್ಚಿದ ಕ್ಯಾರೆಟ್ ಸಿಪ್ಪೆಯೂ ರೋಗವನ್ನು ಹೊತ್ತೊಯ್ಯಬಲ್ಲದು ಎಂಬುದು ಇದರ ಹಿಂದಿನ ಕಾರಣ. ಶಿರಸಿ, ಸಿದ್ದಾಪುರ ಕಡೆಯ ಸಸ್ಯಾಹಾರಿ ಮನೆಗಳವರು ತಮ್ಮ ಅಡುಗೆಮನೆಗೆ ಮಾಂಸವೇ ಬರುವುದಿಲ್ಲವಲ್ಲ ಎಂದು ನನ್ನನ್ನು ಕೇಳಿದ್ದುಂಟು. ವಿನಾಯಿತಿ ಇರುವುದು ಹಾಲು, ತುಪ್ಪ, ಮೊಸರುಗಳೂ ಬಾರದ ಅಡುಗೆಮನೆಗೆ ಮಾತ್ರ. ತಂಬುಳಿಗೆ ಮಜ್ಜಿಗೆ ಬೆರೆಸುವ ಮನೆ ಆ ಲೆಕ್ಕಕ್ಕೆ ಬರುವುದಿಲ್ಲ.

ನಾನು ಕಂಡುಕೊಂಡ ದಾರಿಯೆಂದರೆ ಹಿತ್ತಿಲಿನಿಂದ ನೇರವಾಗಿ ಗೂಡಿಗೆ ಕೊಡುವುದು. ಮೆಂತೆ, ಪಾಲಕ್, ಎಲೆಕೋಸುಗಳನ್ನು ಸ್ವಲ್ಪ ಹೆಚ್ಚಾಗಿಯೇ ಬೆಳೆಯುತ್ತೇನೆ. ಕೊಯ್ಯುವಾಗಲೇ ಹೊರಗಿನ ಒರಟು ಎಲೆಗಳನ್ನು ಕೋಳಿಗಳಿಗೆ ಹಾಕಿ, ಒಳಗಿನ ಎಳೆಯ ಎಲೆಗಳನ್ನು ಮಾತ್ರ ಅಡುಗೆಮನೆಗೆ ತರುತ್ತೇನೆ. ಕೋಳಿಯ ಮುಖ್ಯ ಆಹಾರ ಅಂಗಡಿಯಲ್ಲಿ ಸಿಗುವ, ಮೊಟ್ಟೆ ಕೋಳಿಗೆಂದೇ ತಯಾರಿಸಿದ ಗುಳಿಗೆ ಮೇವು. ಒಂದು ಹೇಂಟೆಗೆ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಅದರ ಜೊತೆಗೆ ಹೊಟ್ಟೆಯಲ್ಲಿ ಮೇವನ್ನು ಅರೆಯಲು ನೆರವಾಗುವ ಸಣ್ಣ ಕಲ್ಲಿನ ಹರಳೂ ಚಿಪ್ಪಿನ ಚೂರೂ ಬೇರೆ ಬೇರೆ ಬಟ್ಟಲುಗಳಲ್ಲಿ ಸದಾ ಇರಲಿ. ಮೊಟ್ಟೆಯ ಚಿಪ್ಪು ಸುಣ್ಣದ ಅಂಶದಿಂದಲೇ ಆಗುವುದರಿಂದ ಅದು ಸಾಲದಿದ್ದರೆ ಚಿಪ್ಪು ತೆಳುವಾಗಿ ಗೂಡಿನಲ್ಲಿಯೇ ಒಡೆಯುತ್ತದೆ. ಅಘನಾಶಿನಿ ಅಳಿವೆಯ ಬಳಚನ್ನು ಬೇಯಿಸಿ ತಿಂದ ಮೇಲೆ ಅಮ್ಮ ಚಿಪ್ಪುಗಳನ್ನು ಒರಳಲ್ಲಿ ಜಜ್ಜಿ ಅಂಗಳಕ್ಕೆ ಎರಚುತ್ತಿದ್ದುದು ಏಕೆಂದು ನನಗೆ ಅರ್ಥವಾದದ್ದು ಲೀಡ್ಸ್‌ನಲ್ಲಿ ಸಿಂಪಿಯ ಚೂರಿನ ಚೀಲವನ್ನು ದುಡ್ಡು ಕೊಟ್ಟು ಕೊಂಡ ದಿನ.

ಎರಡನೆಯದು ಬೆಳಕು. ಕಾರವಾರದಲ್ಲಿ ವರ್ಷದ ಅತಿ ಸಣ್ಣ ಹಗಲೂ 11 ಗಂಟೆಗಿಂತ ಉದ್ದವಾಗಿರುತ್ತದೆ. ಲೀಡ್ಸ್‌ನಲ್ಲಿ ಡಿಸೆಂಬರ್ ಕೊನೆಯ ಹೊತ್ತಿಗೆ ಹಗಲು ಏಳೂವರೆ ಗಂಟೆ ಮಾತ್ರ. ಹೇಂಟೆ ಚೆನ್ನಾಗಿ ಮೊಟ್ಟೆ ಇಡಬೇಕಾದರೆ ಸುಮಾರು 14 ಗಂಟೆಯ ಬೆಳಕು ಬೇಕು. ಆದ್ದರಿಂದ ಶರತ್ಕಾಲದಲ್ಲಿ ಗರಿ ಉದುರಿಸಿಕೊಂಡ ಕೋಳಿಗಳು ನವೆಂಬರ್‌ನಿಂದ ಜನವರಿಯವರೆಗೆ ಮೊಟ್ಟೆ ನಿಲ್ಲಿಸಿದರೆ ಕಾಯಿಲೆಯೆಂದು ಗಾಬರಿಯಾಗಬೇಡಿ. ದೀಪ ಉರಿಸಿ ಮೊಟ್ಟೆ ಇಡಿಸುವವರಿದ್ದಾರೆ. ನಾನು ಹಾಗೆ ಮಾಡುವುದಿಲ್ಲ, ದೇಹಕ್ಕೆ ಸಿಗಬೇಕಾದ ಬಿಡುವನ್ನು ಕಸಿಯಬಾರದು ಎಂಬುದು ನನ್ನ ನಿಲುವು.

ಇದೇ ಕತ್ತಲು ನನಗೆ ಮರೆಯಲಾಗದ ಪೆಟ್ಟನ್ನೂ ಕೊಟ್ಟಿದೆ. ಊರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಕೋಳಿಗಳು ತಾವಾಗಿ ಗೂಡು ಸೇರುತ್ತವೆ, ಅಮ್ಮ ಎಣಿಸಿ ಬಾಗಿಲು ಹಾಕುತ್ತಾಳೆ. ಅಲ್ಲಿಯೂ ಕೋಳಿಗಳು ಗೂಡು ಸೇರುತ್ತವೆ, ಆದರೆ ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಬಾಗಿಲು ಹಾಕಬೇಕಾದ ನಾವು ಆಗ ಕೆಲಸದಲ್ಲಿರುತ್ತೇವೆ. ಮೊದಲ ಚಳಿಗಾಲದ ಒಂದು ಸಂಜೆ ನಾನು ಐದೂವರೆಗೆ ಮನೆಗೆ ಬರುವಷ್ಟರಲ್ಲಿ ನಾಲ್ಕರಲ್ಲಿ ಮೂರು ಕೋಳಿಗಳನ್ನು ನರಿ ಮುಗಿಸಿತ್ತು. ಉಳಿದ ಒಂದು ಬೇಲಿಯ ಮೂಲೆಯಲ್ಲಿ ಅಡಗಿ ಕುಳಿತಿತ್ತು. ಮೂರು ವಾರ ಅದು ಮೊಟ್ಟೆ ಇಡಲಿಲ್ಲ. ಅಂಕೋಲೆಯಲ್ಲಿ ಮುಂಗುಸಿ, ಹದ್ದು, ಹಾವುಗಳ ಭಯವನ್ನು ಕಂಡವರಿಗೂ ಆ ದೇಶದ ನಗರದ ನರಿ ಎಷ್ಟು ನಿರ್ಭಯವಾಗಿ ಮನೆಗಳ ನಡುವೆ ಓಡಾಡುತ್ತದೆಂಬುದು ಊಹೆಗೆ ಬರುವುದಿಲ್ಲ. ಕೋಳಿ ಬಲೆಯೆಂದು ಮಾರುವ ತೆಳು ತಂತಿಯನ್ನು ನರಿ ಹಲ್ಲಿನಿಂದಲೇ ಹರಿಯುತ್ತದೆ. ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ಕೊಂಡು, ಅದನ್ನು ನೆಲದ ಮೇಲೂ ಸುತ್ತ ಒಂದೂವರೆ ಅಡಿ ಹೊರಚಾಚುವಂತೆ ಹಾಸಿದರೆ ನರಿ ತೋಡಿಕೊಂಡು ಒಳಬರಲಾರದು. ಕತ್ತಲಾದ ಕೂಡಲೇ ತಾನಾಗಿ ಮುಚ್ಚುವ ಬಾಗಿಲನ್ನೂ ಮೊದಲ ದಿನವೇ ಹಾಕಿಸಿ. ಬೇರೆ ಯಾವುದರಲ್ಲಿ ಉಳಿತಾಯ ಮಾಡಿದರೂ ಇದರಲ್ಲಿ ಮಾಡಬೇಡಿ.

ಮಳೆಯ ವಿಷಯದಲ್ಲಿ ಮಾತ್ರ ಊರಿನ ಅರಿವು ಪೂರ್ತಿಯಾಗಿ ಉಪಯೋಗಕ್ಕೆ ಬರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುವ ಕರಾವಳಿಯವರಿಗೆ ಕೋಳಿಯ ಕಾಲಡಿ ಒಣಗಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗೂಡನ್ನು ನೆಲದಿಂದ ಎತ್ತರಿಸಿ, ಅಂಗಳದ ಒಂದು ಭಾಗಕ್ಕೆ ಮಾಡು ಇಳಿಸಿ, ಅಡಿಯಲ್ಲಿ ಇಲ್ಲಿ ದರಕು, ಅಂದರೆ ಒಣಗಿದ ಎಲೆ, ಹಾಸುವಂತೆ ಅಲ್ಲಿ ಮರದ ಚಕ್ಕೆಯನ್ನು ದಪ್ಪವಾಗಿ ಹಾಸಿ. ಒಂದು ಪೆಟ್ಟಿಗೆಯಲ್ಲಿ ಒಣಮಣ್ಣು, ಬೂದಿಗಳನ್ನು ಇಡುವುದನ್ನು ಮರೆಯಬೇಡಿ. ಬೂದಿಯ ಸ್ನಾನ ಕೋಳಿಗೆ ಎರಡೂ ಊರುಗಳಲ್ಲಿ ಒಂದೇ. ಮರದ ಗೂಡಾದರೆ ಕೆಂಪು ಉಣ್ಣಿಯ ಬಗ್ಗೆ ಎಚ್ಚರವಿರಲಿ. ಹಗಲು ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುವ ಈ ಸಣ್ಣ ಜೀವಿಯನ್ನು ಹಗಲಲ್ಲಿ ಕೋಳಿಯ ಮೈಮೇಲೆ ಹುಡುಕಿದರೆ ಸಿಗುವುದಿಲ್ಲ. ಜುಟ್ಟು ಬಿಳಿಚಿಕೊಂಡರೆ, ಸಂಜೆ ಕೋಳಿಗಳು ಗೂಡಿಗೆ ಹೋಗಲು ಹಿಂಜರಿದರೆ, ರಾತ್ರಿ ಟಾರ್ಚ್ ಹಿಡಿದು ಕೂರುವ ಕೋಲಿನ ಅಡಿಭಾಗವನ್ನು ಬಿಳಿ ಕಾಗದದಿಂದ ಒರೆಸಿ ನೋಡಿ.

ಅಡುಗೆಯಲ್ಲಾದರೋ ಊರಿನದನ್ನು ಏನನ್ನೂ ಬಿಡಬೇಕಾಗಿಲ್ಲ, ಮೊಟ್ಟೆಯ ವಯಸ್ಸನ್ನು ತಿಳಿದು ಅಡುಗೆಯನ್ನು ಆರಿಸಿಕೊಂಡರೆ ಸಾಕು. ಆ ದಿನ ಅಥವಾ ಹಿಂದಿನ ದಿನ ಇಟ್ಟ ಮೊಟ್ಟೆಯನ್ನು ಬೇಯಿಸಿದರೆ ಸಿಪ್ಪೆ ಬಿಳಿಭಾಗವನ್ನೇ ಕಿತ್ತುಕೊಂಡು ಬರುತ್ತದೆ. ಒಳಗಿನ ಇಂಗಾಲದ ಡೈಆಕ್ಸೈಡ್ ಚಿಪ್ಪಿನ ರಂಧ್ರಗಳಿಂದ ಹೊರಗೆ ಹೋದ ಮೇಲೆ, ಅಂದರೆ ಒಂದು ವಾರ ಕಳೆದ ಮೇಲೆ, ಸಿಪ್ಪೆ ಸುಲಭವಾಗಿ ಬಿಡುತ್ತದೆ. ಆದರೆ ತಾಜಾ ಮೊಟ್ಟೆಯ ಬಿಳಿಭಾಗ ಗಟ್ಟಿಯಾಗಿ ಒಟ್ಟುಗೂಡಿರುವುದರಿಂದ ಕುದಿಯುವ ಸಾರಿನಲ್ಲಿ ಒಡೆದು ಹಾಕಲು ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ. ನಮ್ಮ ಮನೆಯಲ್ಲಿ ಒಡೆದು ಹಾಕಿದ ತತ್ತಿಯ ಸಾರು ವಾರಕ್ಕೆರಡು ಸಲವಾದರೂ ಆಗುತ್ತದೆ. ಆರು ಮೊಟ್ಟೆಗೆ ಅರ್ಧ ಕಾಯಿಯ ತುರಿ, ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಕಾಳುಮೆಣಸು, ನಾಲ್ಕು ಕಾಳು ಮೆಂತೆ, ಚಿಟಿಕೆ ಅರಿಸಿನ. ಮಸಾಲೆಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಹುರಿದು, ಕಾಯಿಯೊಂದಿಗೆ ನುಣ್ಣಗೆ ಅರೆದು, ಬಾಡಿಸಿದ ಈರುಳ್ಳಿಗೆ ಸೇರಿಸಿ, ನಾಲ್ಕು ಮುರುಗಲ ಸಿಪ್ಪೆ ಹಾಕಿ ಕುದಿಸಿ. ಆಮೇಲೆ ಉರಿಯನ್ನು ತಗ್ಗಿಸಿ ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಇಳಿಸಿ, ಸೌಟು ಆಡಿಸದೆ ಮುಚ್ಚಿಡಿ. ಅಂಗಡಿಯಲ್ಲಿ ಸಿಗುವ ಒಣಪುಡಿಗಿಂತ ಶೈತ್ಯೀಕರಿಸಿದ ಕಾಯಿತುರಿ ಎಷ್ಟೋ ಮೇಲು. ಕುಮಟೆಯ ಸಿಹಿ ಈರುಳ್ಳಿಯ ರುಚಿಗೆ ಹತ್ತಿರವಾದದ್ದು ಅಲ್ಲಿನ ಉದ್ದನೆಯ ಸಣ್ಣ ಈರುಳ್ಳಿ. ಕುಚ್ಚಲಕ್ಕಿಯ ಬದಲು ಕೇರಳದವರ ಅಂಗಡಿಯ ಮಟ್ಟ ಅಕ್ಕಿ ಚೆನ್ನಾಗಿ ಹೊಂದುತ್ತದೆ. ಅಂಗಡಿಯ ಮೊಟ್ಟೆಗಳು ಹೆಚ್ಚಾಗಿ ಲಸಿಕೆ ಹಾಕಿದ ಕೋಳಿಗಳವು. ನಿಮ್ಮ ಕೋಳಿಗಳಿಗೆ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ವಿರುದ್ಧದ ಲಸಿಕೆ ಆಗಿದೆಯೇ ಎಂದು ತಿಳಿಯದಿದ್ದರೆ ಮಕ್ಕಳಿಗೂ ಬಸುರಿಯರಿಗೂ ಹಳದಿಭಾಗ ಗಟ್ಟಿಯಾಗುವವರೆಗೆ ಬೇಯಿಸಿಯೇ ಕೊಡಿ.

ಸಾಕಿದ ಕೋಳಿಯನ್ನು ನಾನು ಅಲ್ಲಿ ಸಾರಿಗೆ ಹಾಕಿಲ್ಲ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ಉದ್ಯಮದಿಂದ ಸುಮಾರು ಒಂದೂವರೆ ವರ್ಷದ ವಯಸ್ಸಿಗೆ ಹೊರಬಿದ್ದು, ಮನೆಯ ಸಾಕುಪ್ರಾಣಿಯಾಗಿ ಬದುಕಲಿ ಎಂಬ ಮಾತಿನ ಮೇಲೆ ನನಗೆ ಕೊಟ್ಟವು. ಊರ ಕೋಳಿ ಸಾರಿನ ಆಸೆಯಾದರೆ ಹಲಾಲ್ ಮಾಂಸದಂಗಡಿಯಲ್ಲಿ ಹಾರ್ಡ್ ಚಿಕನ್ ಎಂದು ಕೇಳಿ. ಅದು ಮೊಟ್ಟೆ ನಿಂತ ಹೇಂಟೆಯ ಮಾಂಸ. ಒಂದೂವರೆ ಗಂಟೆ ಸಣ್ಣ ಉರಿಯಲ್ಲಿ ಬೆಂದರೆ ಎಳೆಯ ಬ್ರಾಯ್ಲರ್‌ನಲ್ಲಿ ಎಂದೂ ಸಿಗದ ರಸ ಬಿಡುತ್ತದೆ. ಕೊಟ್ಟೆ ಕಡಬಿಗೆ ಹಲಸಿನ ಎಲೆ ಸಿಗದ ಕಾರಣ ನೀರುದೋಸೆಯೊಂದಿಗೆ ತೃಪ್ತರಾಗಬೇಕು.

ಕೊನೆಯದಾಗಿ ರೋಗದ ವಿಷಯ. ಹಕ್ಕಿಜ್ವರ ಹಬ್ಬಿದಾಗ ಕೋಳಿಗಳನ್ನು ಹೊರಗೆ ಬಿಡಬಾರದೆಂಬ ಆಜ್ಞೆ ಹೊರಡುತ್ತದೆ. 2022ರ ನವೆಂಬರ್ 7ರಿಂದ 2023ರ ಏಪ್ರಿಲ್ 18ರವರೆಗೆ ಇಂಗ್ಲೆಂಡಿನ ಎಲ್ಲ ಕೋಳಿಗಳೂ ಮಾಡಿನ ಕೆಳಗೇ ಇದ್ದವು. ಐದು ತಿಂಗಳು ಒಳಗಿದ್ದರೂ ಇಕ್ಕಟ್ಟಾಗದಷ್ಟು ಮುಚ್ಚಿದ ಜಾಗವನ್ನು ಗೂಡು ಕಟ್ಟುವಾಗಲೇ ಯೋಚಿಸಿ. ಇಲ್ಲಿ ಒಮ್ಮೊಮ್ಮೆ ಕೇರಿಯ ಕೋಳಿಗಳೆಲ್ಲ ಕತ್ತು ತಿರುಚಿಕೊಂಡು ಸಾಯುವ ರಾಣಿಖೇತ್ ರೋಗವೂ, ಲೀಡ್ಸ್‌ನ ಉತ್ತರಕ್ಕಿರುವ ನ್ಯೂಕ್ಯಾಸಲ್‌ನಲ್ಲಿ 1926ರಲ್ಲಿ ಗುರುತಿಸಿದ, ಆ ಊರಿನ ಹೆಸರನ್ನೇ ಪಡೆದ ರೋಗವೂ ಒಂದೇ. ಅದು ಬೂಟು, ಬಟ್ಟೆಗಳಿಗೆ ಅಂಟಿಕೊಂಡೂ ಸಾಗುತ್ತದೆ. ರಜೆಗೆ ಊರಿಗೆ ಬಂದಾಗ ಗೂಡನ್ನು ನೆರೆಯವರಿಗೆ ಒಪ್ಪಿಸಿ ಬರುತ್ತೇನೆ, ಆ ದಿನಗಳ ಮೊಟ್ಟೆಗಳೆಲ್ಲ ಅವರವು. ಇಲ್ಲಿಯ ರೋಗ ನನ್ನೊಂದಿಗೆ ಅಲ್ಲಿಗೆ ಹೋಗಬಾರದೆಂದು ಅಮ್ಮನ ಗೂಡಿಗೆ ಇಳಿಯುವಾಗ ಮೆಟ್ಟುವ ಚಪ್ಪಲಿಯನ್ನು ಬೇರೆಯಾಗಿಯೇ ಇಟ್ಟಿದ್ದೇನೆ. ಆಗ ಉಟ್ಟ ಬಟ್ಟೆಗಳನ್ನು ಬಿಸಿನೀರಲ್ಲಿ ಒಗೆದು ಇಲ್ಲಿಯ ಪೆಟ್ಟಿಗೆಯಲ್ಲೇ ಬಿಡುತ್ತೇನೆ. ಮುಂದಿನ ವಾರ ನಾನು ಹೊರಡುವಾಗ ಆ ಚಪ್ಪಲಿಗಳು ಈ ಜಗುಲಿಯ ಕೆಳಗೇ ಉಳಿಯುತ್ತವೆ.