ಬ್ಯಾಡ್ಜ್ ಕೊಟ್ಟರೆ ಕೆಲಸ ಮುಗಿಯಲಿಲ್ಲ

ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ನ್ಯೂಕ್ಲಿಯರ್ ಮೆಡಿಸಿನ್ (ವಿಕಿರಣ ಸೂಸುವ ಔಷಧಿ ಕೊಟ್ಟು ಪರೀಕ್ಷೆ, ಚಿಕಿತ್ಸೆ ಮಾಡುವ) ವಿಭಾಗದ ಸಿಬ್ಬಂದಿಗೆ ಎಷ್ಟು ರೇಡಿಯೇಷನ್ ತಾಗುತ್ತಿದೆ ಅಂತ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಲ್ಲಿ ಬೀಳುವುದೆಲ್ಲ ಸಣ್ಣ ಸಣ್ಣ ಡೋಸ್. ಸಣ್ಣದು ಅಂತಲೇ ಜಾಸ್ತಿ ನಿಗಾ ಬೇಕು.

ಎಲ್ಲರಿಗೂ ಟಿಎಲ್‌ಡಿ ಬ್ಯಾಡ್ಜ್, ಅಂದರೆ ಮೈಗೆ ಬಿದ್ದ ಡೋಸ್ ಅಳೆಯುವ ಬ್ಯಾಡ್ಜ್ ಇದೆ. ಒಳಗಿನ ಕಾರ್ಡಿನಲ್ಲಿ ಮೂರು ಪುಟ್ಟ ಬಿಲ್ಲೆಗಳು. ಬಿದ್ದ ವಿಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು, ಲ್ಯಾಬಿನಲ್ಲಿ ಬಿಸಿ ಮಾಡಿದಾಗ ಬೆಳಕಾಗಿ ಬಿಡುತ್ತವೆ, ಆ ಬೆಳಕಿನಿಂದ ಡೋಸ್ ಲೆಕ್ಕ ಹಾಕುತ್ತಾರೆ. ಮೂರು ತಿಂಗಳಿಗೊಮ್ಮೆ ಬದಲಾಯಿಸುತ್ತೇವೆ. ಜೊತೆಗೆ ಯಾರೂ ಹಾಕಿಕೊಳ್ಳದ, ಹೋಲಿಕೆಗೆ ಮಾತ್ರ ಇಡುವ ಒಂದು ಕಂಟ್ರೋಲ್ ಬ್ಯಾಡ್ಜ್ ಇರುತ್ತದೆ, ಅದನ್ನು ಔಷಧಿ ರೂಮಿನಿಂದ ದೂರದ ಬೀರುವಿನಲ್ಲಿಡುತ್ತೇನೆ. ಚಾಮುಂಡಿ ಬೆಟ್ಟದ ಗ್ರಾನೈಟಿನಲ್ಲೂ ಸಹಜ ವಿಕಿರಣ ಇದೆಯಲ್ವಾ, ಅಂಥದ್ದನ್ನು ಕಳೆಯದಿದ್ದರೆ ಕೆಲಸದಿಂದ ಬಂದದ್ದೆಷ್ಟು ಅಂತ ತಿಳಿಯುವುದಿಲ್ಲ.

ಕ್ಲೀನಿಂಗ್ ಮಾಡುವ ಅಕ್ಕ ಒಮ್ಮೆ ಕೇಳಿದರು, "ಸಾರ್, ಇದು ಹಾಕ್ಕೊಂಡ್ರೆ ಏನೂ ತಾಗಲ್ಲ ಅಲ್ವಾ?" ಇಲ್ಲಕ್ಕಾ, ಇದು ಲೆಕ್ಕ ಮಾತ್ರ ಇಡತ್ತೆ, ತಡೆಯಲ್ಲ ಅಂದೆ. ಆಮೇಲೆ ಹೊಸಬರಿಗೆ ಮೊದಲು ಹೇಳುವುದೇ ಇದನ್ನು. ಬ್ಯಾಡ್ಜ್ ಎದೆಯ ಹತ್ತಿರ, ಲೆಡ್ ಏಪ್ರನ್ನಿನ ಒಳಗಿರಬೇಕು. ಸಂಜೆ ಏಪ್ರನ್ನಿಗೇ ಸಿಕ್ಕಿಸಿ ಹೋದರೆ ಗೋಡೆಗೆ ಬಿದ್ದ ಡೋಸ್ ನಿಮ್ಮ ಹೆಸರಿಗೆ ಬರುತ್ತದೆ.

ಇನ್ನೊಂದು ತೊಂದರೆ ಅಯೋಡಿನ್-131, ಥೈರಾಯ್ಡ್ ರೋಗಿಗಳಿಗೆ ಕೊಡುವ ವಿಕಿರಣಶೀಲ ಅಯೋಡಿನ್. ಉಸಿರಿನಲ್ಲೋ ಕೈಯಿಂದ ಬಾಯಿಗೋ ಒಳಗೆ ಹೋದರೆ ಅದು ಥೈರಾಯ್ಡಿನಲ್ಲಿ ಸೇರಿಕೊಳ್ಳುತ್ತದೆ, ಅದನ್ನು ಎದೆಯ ಬ್ಯಾಡ್ಜ್ ನೋಡಿ ಹೇಳಲಾಗುವುದಿಲ್ಲ. ಹಾಗಾಗಿ ಅದನ್ನು ಮುಟ್ಟಿದವರನ್ನು ಕೂರಿಸಿ ಕುತ್ತಿಗೆಯ ಮುಂದೆ ಪ್ರೋಬ್ (ವಿಕಿರಣ ಪತ್ತೆ ಮಾಡುವ ಉಪಕರಣ) ಇಟ್ಟು ಎಣಿಸುತ್ತೇನೆ, ಥೈರಾಯ್ಡಿನದಲ್ಲದ ಎಣಿಕೆ ಬಿಟ್ಟುಹೋಗಲಿ ಅಂತ ಅದೇ ದೂರದಲ್ಲಿ ತೊಡೆಯ ಮೇಲೂ ಎಣಿಸಿ ಕಳೆಯುತ್ತೇನೆ. ಎಂಟು ದಿನಕ್ಕೆ ಅರ್ಧ ಆಗಿಬಿಡುವ ವಸ್ತು, ಮುಂದೂಡಿದರೆ ಸಿಗುವುದಿಲ್ಲ.

ದೇಶದ ವಿಕಿರಣ ಸುರಕ್ಷತೆ ನೋಡಿಕೊಳ್ಳುವ ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಇಟ್ಟಿರುವ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಡೋಸ್ ಅಳೆಯುವ ಮಾನ), ಯಾವ ವರ್ಷವೂ 30 ದಾಟಬಾರದು. ನಮ್ಮವರು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಆದರೂ ನಾನು ಮಿತಿ ನೋಡಿ ಸುಮ್ನೆ ಕೂರುವುದಿಲ್ಲ, ಪ್ರತಿಯೊಬ್ಬರ ಅಂಕಿಯನ್ನು ಅವರದೇ ಹಿಂದಿನ ವರದಿಗಳ ಜೊತೆ ಇಟ್ಟು ನೋಡುತ್ತೇನೆ. ಹೀಗೆ ನೋಡುವಾಗಲೇ ಒಬ್ಬ ಟೆಕ್ನಿಷಿಯನ್ ಡೋಸ್ ಏರಿದ್ದು ಕಂಡಿತು. ಕೇಳಿದರೆ, ಸಿರಿಂಜ್ ಶೀಲ್ಡ್ (ವಿಕಿರಣ ತಡೆಯಲು ಸಿರಿಂಜಿಗೆ ಹಾಕುವ ಕವಚ) ಭಾರ, ನರ ಕಾಣಲ್ಲ ಅಂತ ಪಕ್ಕಕ್ಕಿಟ್ಟಿದ್ದರು. ಲೆಡ್ ಗ್ಲಾಸ್ ಕಿಟಕಿ ಇರುವ ಶೀಲ್ಡ್ ತರಿಸಿದೆವು. ಬೆರಳಿಗೆ ರಿಂಗ್ ಬ್ಯಾಡ್ಜನ್ನೂ ಕೊಟ್ಟೆವು, ಇಂಜೆಕ್ಷನ್ ಕೊಡುವವರ ಬೆರಳಿಗೆ ಎದೆಗಿಂತ ಎಷ್ಟೋ ಜಾಸ್ತಿ ತಾಗುತ್ತದೆ.