ಅರ ಹಿಡಿಯಲು ಕಲಿಸುವ ಮೊದಲ ಆರು ವಾರಗಳು

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ನಾನು ಮೇಲ್ವಿಚಾರಕನಾಗಿದ್ದೇನೆ. ಐಟಿಐಯಲ್ಲಿ ಎರಡು ವರ್ಷದ ಫಿಟ್ಟರ್ ತರಬೇತಿ ಮುಗಿಸಿ ಅಪ್ರೆಂಟಿಸ್‌ಗಳಾಗಿ ಬರುವ ಹುಡುಗ ಹುಡುಗಿಯರಿಗೆ ಕೆಲಸ ಕಲಿಸುವ ಹೊಣೆ ಹನ್ನೊಂದು ವರ್ಷಗಳಿಂದ ನನ್ನದು. ಬಂದ ಮೊದಲ ದಿನವೇ ಪ್ರತಿಯೊಬ್ಬರಿಗೂ 10 ಮಿ.ಮೀ. ದಪ್ಪದ ಮೆದು ಉಕ್ಕಿನ ತುಂಡೊಂದನ್ನು ಕೊಟ್ಟು, ಅದನ್ನು ಅರದಿಂದ (ಫೈಲ್‌ನಿಂದ) ಉಜ್ಜಿ 50 ಮಿ.ಮೀ. ಚೌಕ ಮಾಡಲು ಹೇಳುತ್ತೇನೆ. ಅಳತೆಯಲ್ಲಿ 0.04 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು, ನಾಲ್ಕು ಮೂಲೆಗಳೂ ಲಂಬವಾಗಿರಬೇಕು. "ಇದನ್ನೆಲ್ಲ ಐಟಿಐಯಲ್ಲೇ ಮಾಡಿದ್ದೇವಲ್ಲ ಸರ್, ಸಿಎನ್‌ಸಿ ಯಾವಾಗ ಕಲಿಸುತ್ತೀರಿ?" ಎಂಬ ಪ್ರಶ್ನೆ ಪ್ರತಿ ವರ್ಷವೂ ಬರುತ್ತದೆ. ಸಿಎನ್‌ಸಿ ಎಂದರೆ ಕಂಪ್ಯೂಟರ್ ನಿಯಂತ್ರಣದ ಯಂತ್ರ. ಅವರ ಆತುರ ನನಗೆ ಅರ್ಥವಾಗುತ್ತದೆ. ಆದರೂ ಮೊದಲ ಆರು ವಾರ ನಾನು ಅವರನ್ನು ತುಂಡನ್ನು ಬಿಗಿಹಿಡಿಯುವ ವೈಸಿನ ಮುಂದಿನಿಂದ ಕದಲಿಸುವುದಿಲ್ಲ.

ಅರ ಹಿಡಿಯುವುದು ಸುಲಭದ ಕೆಲಸವೆಂದು ದೂರದಿಂದ ತೋರುತ್ತದೆ. ನಿಂತಾಗ ವೈಸಿನ ದವಡೆ ಕೆಲಸಗಾರನ ಮೊಣಕೈ ಮಟ್ಟಕ್ಕೆ ಬರಬೇಕು. ಕುಳ್ಳಗಿರುವವರಿಗೆ ನಾನು ಮರದ ಹಲಗೆಯ ಮೆಟ್ಟಿಲು ಮಾಡಿಸಿಕೊಟ್ಟಿದ್ದೇನೆ. ಎಡಗಾಲು ಮುಂದಿರಬೇಕು, ತಳ್ಳುವ ಬಲ ಭುಜದಿಂದಷ್ಟೇ ಅಲ್ಲದೆ ಇಡೀ ಮೈಯಿಂದ ಬರಬೇಕು. ಅರವನ್ನು ಮುಂದಕ್ಕೆ ತಳ್ಳಲು ಆರಂಭಿಸಿದಾಗ ಎಡಗೈಯ ಒತ್ತಡ ಹೆಚ್ಚು, ನಡುವೆ ಎರಡೂ ಕೈಗಳದು ಸಮ, ಕೊನೆಯಲ್ಲಿ ಬಲಗೈಯದು ಹೆಚ್ಚು. ಈ ಒತ್ತಡದ ವರ್ಗಾವಣೆ ತಪ್ಪಿದರೆ ಅರ ತೂಗುಯ್ಯಾಲೆಯಂತೆ ಆಡಿ, ಜಾಬಿನ (ಕೆಲಸ ಮಾಡುತ್ತಿರುವ ತುಂಡಿನ) ಎರಡೂ ಅಂಚುಗಳು ಸವೆದು ನಡುಭಾಗ ಉಬ್ಬಿ ನಿಲ್ಲುತ್ತದೆ. ಬರಿಗಣ್ಣಿಗೆ ಆ ಉಬ್ಬು ಕಾಣುವುದಿಲ್ಲ. ಲಂಬಕೋನ ಪರೀಕ್ಷಿಸುವ ಟ್ರೈ ಸ್ಕ್ವೇರಿನ ಅಲಗನ್ನು ಮೇಲ್ಮೈಗೆ ತಾಗಿಸಿ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗ ಎರಡೂ ತುದಿಗಳಲ್ಲಿ ಬೆಳಕಿನ ಗೆರೆ ಇಣುಕುತ್ತದೆ. ಇದನ್ನು ನಾನು ಬಾಯಿಮಾತಿನಲ್ಲಿ ಎಷ್ಟು ವಿವರಿಸಿದರೂ ಪ್ರಯೋಜನವಿಲ್ಲ. ತನ್ನದೇ ಜಾಬಿನಲ್ಲಿ ಆ ಗೆರೆಯನ್ನು ನಾಲ್ಕೈದು ಸಲ ಕಂಡ ಮೇಲೆ ಕೈ ತಾನಾಗಿ ತಿದ್ದಿಕೊಳ್ಳತೊಡಗುತ್ತದೆ, ಅದಕ್ಕೆ ಸಾಮಾನ್ಯವಾಗಿ ಮೂರನೆಯ ವಾರ ಬೇಕಾಗುತ್ತದೆ.

ಅರದ ಹಲ್ಲುಗಳ ನಡುವೆ ಚೂರು ಸಿಕ್ಕಿಕೊಂಡರೆ ಮೇಲ್ಮೈಯಲ್ಲಿ ಆಳವಾದ ಗೀರುಗಳು ಬೀಳುತ್ತವೆ. ಕೊನೆಯ ನಯದ ಕೆಲಸಕ್ಕೆ ಮೊದಲು ಅರಕ್ಕೆ ಸೀಮೆಸುಣ್ಣ ಉಜ್ಜಿದರೆ ಚೂರು ಅಂಟುವುದು ಕಡಿಮೆಯಾಗುತ್ತದೆ.

ಇಷ್ಟಕ್ಕೆ ನಾನು ಯಾಕೆ ಇಷ್ಟು ಒತ್ತು ಕೊಡುತ್ತೇನೆ ಎಂಬುದಕ್ಕೆ ನನ್ನದೇ ಅಪ್ರೆಂಟಿಸ್ ದಿನಗಳ ತಪ್ಪೊಂದು ಕಾರಣ. ಬೇರೊಂದು ಕಾರ್ಖಾನೆಯಲ್ಲಿ ನೀರಿನ ಪಂಪಿಗೆ ಹೊಸ ಮೋಟರ್ ಜೋಡಿಸುವ ಕೆಲಸವನ್ನು ನನಗೆ ಒಪ್ಪಿಸಿದ್ದರು. ಮೋಟರ್ ಮತ್ತು ಪಂಪಿನ ಶಾಫ್ಟುಗಳನ್ನು ಕೂಡಿಸುವ ಕಪ್ಲಿಂಗಿನ ಎರಡು ಭಾಗಗಳ ಮೇಲೆ ನೇರಪಟ್ಟಿ ಇಟ್ಟು ನೋಡಿದೆ, ಸರಿಯಾಗಿದೆ ಎನಿಸಿತು, ಬೋಲ್ಟುಗಳನ್ನು ಬಿಗಿಮಾಡಿದೆ. ಕೆಲವೇ ದಿನಗಳಲ್ಲಿ ಮೋಟರಿನ ಬೇರಿಂಗ್ ಮುಟ್ಟಲಾಗದಷ್ಟು ಬಿಸಿಯಾಗಿ ಸದ್ದು ಮಾಡತೊಡಗಿತು. ಹಿರಿಯ ಫಿಟ್ಟರ್ ಒಬ್ಬರು ಬಂದು, ನನ್ನನ್ನು ಬೈಯದೆ, ಮೋಟರಿನ ಒಂದು ಕಾಲಿನ ಮೇಲೆ ಸಣ್ಣ ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಡಯಲ್ ಗೇಜ್ ನಿಲ್ಲಿಸಿ ಆ ಕಾಲಿನ ಬೋಲ್ಟನ್ನು ಸಡಿಲಿಸಿದರು. ಮುಳ್ಳು ಸರಸರನೆ ಓಡಿತು. ನಾಲ್ಕು ಕಾಲುಗಳಲ್ಲಿ ಒಂದು ಬೇಸ್ ಫ್ರೇಮಿನ ಮೇಲೆ ಪೂರ್ತಿ ಕೂತಿರಲಿಲ್ಲ. ಬೋಲ್ಟ್ ಬಿಗಿಯಾದಂತೆ ಮೋಟರಿನ ಮೈಯೇ ತಿರುಚಿಕೊಂಡು ಶಾಫ್ಟ್ ಓರೆಯಾಗುತ್ತಿತ್ತು. ಇದನ್ನೇ ಸಾಫ್ಟ್ ಫೂಟ್ ಎನ್ನುತ್ತಾರೆ. ಕಾಲಿನಡಿ ತಕ್ಕ ದಪ್ಪದ ಶಿಮ್ (ತೆಳು ಲೋಹದ ಹಾಳೆ) ಕೊಟ್ಟು, ನಾಲ್ಕೂ ಕಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ ಮೇಲೆಯೇ ಅವರು ಶಾಫ್ಟುಗಳ ನೇರವನ್ನು ನೋಡಲು ಬಿಟ್ಟರು. ಕಣ್ಣಿಗೆ ಸರಿ ಕಂಡದ್ದು ಸರಿಯಲ್ಲ ಎಂಬ ಅನುಮಾನ ನನ್ನ ಕೈಯಲ್ಲಿ ಅಂದು ಹುಟ್ಟಿತು. ಆ ಅನುಮಾನವನ್ನು ಒಂದು ಬೇರಿಂಗ್ ಸುಡದೆಯೇ ಹುಟ್ಟಿಸುವುದು ಸಾಧ್ಯವಿದ್ದರೆ ಅದು ಆ 50 ಮಿ.ಮೀ. ಚೌಕದಿಂದ ಎಂದು ನಾನು ನಂಬಿದ್ದೇನೆ.

ಅಳತೆಗೂ ಅದೇ ಮಾತು. ಲೇತಿನಿಂದ ಆಗಷ್ಟೇ ತೆಗೆದ ಬಿಸಿ ಜಾಬನ್ನು ಮೈಕ್ರೋಮೀಟರಿನಲ್ಲಿ ಹಿಡಿದು ಓದಿಕೊಳ್ಳುವವರನ್ನು ನಾನು ತಡೆಯುತ್ತೇನೆ. 100 ಮಿ.ಮೀ. ಉದ್ದದ ಉಕ್ಕು 10 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ, ಸಾಮಾನ್ಯ ಮೈಕ್ರೋಮೀಟರ್ ಓದುವ ಅತಿ ಸಣ್ಣ ಅಳತೆಯೇ 0.01 ಮಿ.ಮೀ. ಆಗಿರುವಾಗ ಇದು ಕಡೆಗಣಿಸುವಂಥದ್ದಲ್ಲ. ಒಂದೇ ಜಾಬನ್ನು ಇಬ್ಬರು ಬೇರೆಬೇರೆಯಾಗಿ ಮೂರು ಮೂರು ಸಲ ಅಳೆದು, ಒಬ್ಬರದನ್ನು ಇನ್ನೊಬ್ಬರು ನೋಡದಂತೆ ಬರೆದಿಡಬೇಕೆಂಬುದು ನಮ್ಮ ವಿಭಾಗದ ಪದ್ಧತಿ. ಓದುಗಳು ಕೂಡಿಬರದಿದ್ದಾಗ ಯಾರು ತಪ್ಪು ಎಂದು ಹುಡುಕುವ ಬದಲು ಇಬ್ಬರೂ ಸೇರಿ ಮತ್ತೆ ಅಳೆಯುತ್ತಾರೆ. ಹುಡುಗರು ಆ ಹೊತ್ತಿನಲ್ಲಿ ತುಳುವಿನಲ್ಲೋ ಬ್ಯಾರಿ ಭಾಷೆಯಲ್ಲೋ ತಮ್ಮತಮ್ಮಲ್ಲೇ ಚರ್ಚಿಸುತ್ತಾರೆ, ಪುಸ್ತಕಕ್ಕೆ ಮಾತ್ರ ಕನ್ನಡದಲ್ಲಿ ಬರೆಯುತ್ತಾರೆ. ನನಗೆ ಅದರಿಂದ ಸಂತೋಷವೇ ಹೊರತು ತೊಂದರೆಯಿಲ್ಲ.

ನಮ್ಮ ಊರಿನ ಮಳೆಗಾಲ ಉಪಕರಣಗಳ ಶತ್ರು. ಪಣಂಬೂರಿನ ಕಡಲ ಗಾಳಿಯ ಉಪ್ಪು, ಜೂನ್‌ನಿಂದ ಬಿಡದೆ ಸುರಿಯುವ ಮಳೆಯ ತೇವ, ಬೆವರಿದ ಕೈ, ಈ ಮೂರೂ ಸೇರಿದರೆ ಸಂಜೆ ಮುಟ್ಟಿದ ಸರ್ಫೇಸ್ ಪ್ಲೇಟಿನ (ಸಮತಟ್ಟು ಪರೀಕ್ಷಿಸುವ ಲೋಹದ ಹಲಗೆಯ) ಮೇಲೆ ಬೆಳಿಗ್ಗೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಕಾಣುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಪ್ಲೇಟನ್ನು ಒರೆಸಿ ತೆಳುವಾಗಿ ಎಣ್ಣೆ ಸವರಿ ಮುಚ್ಚುವುದನ್ನೂ, ಮೈಕ್ರೋಮೀಟರನ್ನು ಪೆಟ್ಟಿಗೆಗೆ ಹಾಕುವಾಗ ಅದರ ಎರಡು ಮುಖಗಳ ನಡುವೆ ಚೂರು ಅಂತರ ಬಿಡುವುದನ್ನೂ ಮೊದಲ ವಾರವೇ ಅಭ್ಯಾಸ ಮಾಡಿಸುತ್ತೇನೆ.

ಒಂದು ವಿಷಯದಲ್ಲಿ ನಾನು ಮೇಲಿನವರೊಂದಿಗೆ ಪದೇ ಪದೇ ವಾದಿಸಬೇಕಾಗಿ ಬಂದಿದೆ. ಆಳುಗಳು ಕಡಿಮೆಯಾದ ದಿನ ಅಪ್ರೆಂಟಿಸ್‌ಗಳನ್ನು ಸಾಮಾನು ಹೊರಲು, ನೆಲ ಗುಡಿಸಲು ಕಳಿಸುವ ರೂಢಿ ಹಲವೆಡೆ ಇದೆ. 1961ರ ಅಪ್ರೆಂಟಿಸ್ ಕಾಯ್ದೆ ಅವರನ್ನು ಕಲಿಯುವವರೆಂದು ಗುರುತಿಸುತ್ತದೆ, ಕಾರ್ಮಿಕರೆಂದಲ್ಲ. ತನ್ನ ಬೆಂಚನ್ನು ತಾನು ಗುಡಿಸುವುದು ಕಲಿಕೆಯ ಭಾಗ. ಇಡೀ ದಿನ ಗೋದಾಮಿನಲ್ಲಿ ಮೂಟೆ ಹೊರುವುದು ಕಲಿಕೆಯನ್ನು ಕದಿಯುವುದು. ಹಾಗಾಗಿ ಪ್ರತಿಯೊಬ್ಬರ ದಿನಚರಿ ಪುಸ್ತಕದಲ್ಲಿ ಅಂದು ಮಾಡಿದ ಕೆಲಸ, ಅದರ ಅಳತೆಗಳು, ನನ್ನ ಸಹಿ ಇರುವಂತೆ ನೋಡಿಕೊಳ್ಳುತ್ತೇನೆ. ಬರೆದಿಟ್ಟದ್ದರ ಮುಂದೆ ವಾದ ಬೇಗ ಮುಗಿಯುತ್ತದೆ.

ಆರು ವಾರದಲ್ಲಿ ಚೌಕ ಮುಗಿಯದವರಿಗೆ ಇನ್ನೆರಡು ವಾರ ಕೊಡುತ್ತೇನೆ. ಹಾಗೆ ಹಿಂದುಳಿದವರ ಅರವನ್ನು ಪರೀಕ್ಷಿಸಿದಾಗ ಹಲವು ಸಲ ಹಲ್ಲು ಸವೆದದ್ದು ಕಂಡಿದೆ. ಸವೆದ ಅರ ಕಚ್ಚದೆ ಜಾರುವುದರಿಂದ ಕಲಿಯುವವರು ಬೇಡದ ಬಲ ಹಾಕಿ ಕೈಯನ್ನೇ ಕೆಡಿಸಿಕೊಳ್ಳುತ್ತಾರೆ. ಆದ್ದರಿಂದ ಈಗ ಪ್ರತಿ ತಂಡ ಬರುವ ಮೊದಲೇ ತಲೆಗೊಂದರಂತೆ ಹೊಸ ಅರಗಳನ್ನು ತರಿಸಿ, ಮೊದಲ ಕೆಲವು ದಿನ ಅವುಗಳನ್ನು ಹಿತ್ತಾಳೆಯ ಮೇಲೆ ಪಳಗಿಸಿ, ಆಮೇಲೆ ಉಕ್ಕಿಗೆ ಬಳಸಲು ಕೊಡುತ್ತೇನೆ.